ನಾಯಿ ಬಿಸ್ಕತ್ತು: ಓವನ್ ಹಚ್ಚುವ ಮೊದಲು ತಿಳಿಯಬೇಕಾದದ್ದು

ಕಾಂದಿವಲಿಯ ಠಾಕೂರ್ ವಿಲೇಜ್, ಲೋಖಂಡ್‌ವಾಲಾ ಟೌನ್‌ಶಿಪ್, ಮಹಾವೀರ್ ನಗರದಂಥ ವಸತಿ ಪ್ರದೇಶಗಳಲ್ಲಿ ನಾಯಿ ಸಾಕುವ ಕುಟುಂಬಗಳಿವೆ. ಬೇಕರಿ ವಿಭಾಗವಿರುವ ನಮ್ಮ ಸದಸ್ಯರಿಗೆ ನಾಯಿ ಬಿಸ್ಕತ್ತು ಒಂದು ಸಣ್ಣ ಪೂರಕ ವ್ಯಾಪಾರವಾಗಬಲ್ಲದು. ಆದರೆ ಒಂದು ಮಾತು ಮೊದಲೇ ಮನದಟ್ಟಾಗಬೇಕು. ನಮಗೆ ರುಚಿ ಕೊಡುವ ಹಲವು ಪದಾರ್ಥಗಳು ನಾಯಿಗೆ ವಿಷ. ಉಳಿದ ಹಿಟ್ಟು, ಕೇಕಿನ ಪುಡಿ, ಮಿಕ್ಕ ಪಲ್ಯಗಳಿಂದ ನಾಯಿಯ ತಿಂಡಿ ಮಾಡಬಾರದು.

ಬಳಸಲೇಬಾರದವು

1. ಈರುಳ್ಳಿ, ಬೆಳ್ಳುಳ್ಳಿ: ಹಸಿಯಾಗಲಿ, ಬೇಯಿಸಿದ್ದಾಗಲಿ, ಪುಡಿಯಾಗಲಿ, ನಾಯಿಯ ಕೆಂಪು ರಕ್ತಕಣಗಳನ್ನು ನಾಶ ಮಾಡುತ್ತವೆ.
2. ದ್ರಾಕ್ಷಿ, ಒಣದ್ರಾಕ್ಷಿ: ಮೂತ್ರಪಿಂಡ ಕೆಡಬಹುದು.
3. ಚಾಕೊಲೇಟ್, ಕೋಕೋ: ಇವುಗಳಲ್ಲಿರುವ ಥಿಯೋಬ್ರೋಮಿನ್ ಹೃದಯಕ್ಕೂ ನರಗಳಿಗೂ ಅಪಾಯಕಾರಿ.
4. ಕ್ಸೈಲಿಟಾಲ್: ಕೆಲವು 'ಶುಗರ್ ಫ್ರೀ' ಪದಾರ್ಥಗಳಲ್ಲಿರುವ ಸಿಹಿಕಾರಕ. ನಾಯಿಯ ರಕ್ತದ ಸಕ್ಕರೆ ಹಠಾತ್ತನೆ ಇಳಿಯುತ್ತದೆ, ಯಕೃತ್ತಿಗೂ ಹಾನಿ.
5. ಯೀಸ್ಟ್ ಹಾಕಿದ ಹಸಿ ಹಿಟ್ಟು: ಹೊಟ್ಟೆಯಲ್ಲೇ ಉಬ್ಬಿ ಮದ್ಯಸಾರ ಉಂಟುಮಾಡುತ್ತದೆ.

ಉಪ್ಪು, ಸಕ್ಕರೆ, ಬೆಣ್ಣೆ, ವನಸ್ಪತಿಯೂ ಬೇಡ. ಜಿಡ್ಡು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು.

ರಾಗಿ-ಕುಂಬಳದ ಬಿಸ್ಕತ್ತು

ರಾಗಿ ಹಿಟ್ಟು 200 ಗ್ರಾಂ, ಗೋಧಿ ಹಿಟ್ಟು 200 ಗ್ರಾಂ, ಬೇಯಿಸಿ ಹಿಸುಕಿದ ಸಿಹಿಗುಂಬಳ 200 ಗ್ರಾಂ, ಉಪ್ಪಿಲ್ಲದೆ ಹುರಿದ ನೆಲಗಡಲೆಯ ಪುಡಿ 50 ಗ್ರಾಂ. ಮೊಟ್ಟೆ ಇಲ್ಲದ ಕಾರಣ ಸಸ್ಯಾಹಾರಿ ಹೋಟೆಲುಗಳಲ್ಲೂ ಮಾಡಬಹುದು.

ಎಲ್ಲವನ್ನೂ ಬೇಕಾದಷ್ಟು ನೀರು ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ ಚಿಕ್ಕ ತುಂಡುಗಳಾಗಿ ಕತ್ತರಿಸಿ. 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೇಯಿಸಿ, ಓವನ್ ಆರಿಸಿ, ಗರಿಗರಿಯಾಗುವವರೆಗೆ ಒಳಗೇ ಬಿಡಿ. ಸುಮಾರು ಅರ್ಧ ಕಿಲೋ ಸಿಗುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ಪ್ಯಾಕ್ ಮಾಡಿ. ಮುಂಬಯಿಯ ಮಳೆಗಾಲದ ತೇವಕ್ಕೆ ಬೇಗ ಬೂಸ್ಟು ಬರುವುದರಿಂದ ಸ್ವಲ್ಪ ಸ್ವಲ್ಪವೇ ಮಾಡುವುದು ಲೇಸು.

ನೆಲಗಡಲೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಬೂಸ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗದು. ಅಮೆರಿಕದಲ್ಲಿ 2005ರಲ್ಲೂ 2020ರಲ್ಲೂ ಈ ವಿಷ ಸೇರಿದ ಕಾರ್ಖಾನೆ ಆಹಾರ ತಿಂದು ಅನೇಕ ನಾಯಿಗಳು ಸತ್ತವು. ಕಾಳನ್ನು ಆರಿಸಿಯೇ ಬಳಸಿ.

ಎಷ್ಟು ಕೊಡಬಹುದು?

ಇಂಥ ತಿಂಡಿ ನಾಯಿಯ ದಿನದ ಕ್ಯಾಲೊರಿಯಲ್ಲಿ ಶೇ. 10 ಮೀರಬಾರದು. 10 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. 5 ಗ್ರಾಂನ ಒಂದು ಬಿಸ್ಕತ್ತಿನಲ್ಲಿ ಸುಮಾರು 17 ಕ್ಯಾಲೊರಿ ಇರುತ್ತದೆ. ಅಂದರೆ ದಿನಕ್ಕೆ ಮೂರು ಸಾಕು. ಕಾಯಿಲೆಯ ನಾಯಿಗಾದರೆ ಪಶುವೈದ್ಯರನ್ನು ಕೇಳಲು ಗಿರಾಕಿಗೆ ಹೇಳಿ.

ಮಾರುವ ಮೊದಲು

2006ರ ಆಹಾರ ಸುರಕ್ಷತಾ ಕಾಯ್ದೆಯ 'ಆಹಾರ' ಎಂಬ ವ್ಯಾಖ್ಯೆಯಲ್ಲಿ ಪಶು ಆಹಾರ ಸೇರಿಲ್ಲ. ಆದ್ದರಿಂದ ಹೋಟೆಲಿನ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಈ ಪೊಟ್ಟಣದ ಮೇಲೆ ಹಾಕಬೇಡಿ. ಜಿಎಸ್‌ಟಿಯನ್ನೂ ಹೋಟೆಲ್ ತಿಂಡಿಯ ದರದಲ್ಲಿ ಹಾಕದೆ ನಿಮ್ಮ ಸಿ.ಎ.ಯವರನ್ನು ವಿಚಾರಿಸಿ. ಪೊಟ್ಟಣದ ಮೇಲೆ 'ನಾಯಿಗಳಿಗೆ ಮಾತ್ರ' ಎಂದೂ, ಸಾಮಗ್ರಿಗಳ ಪೂರ್ತಿ ಪಟ್ಟಿ ಹಾಗೂ ತಯಾರಿಸಿದ ದಿನಾಂಕವನ್ನೂ ಬರೆಯಿರಿ. ಟ್ರೇ, ಲಟ್ಟಣಿಗೆ, ಡಬ್ಬಗಳನ್ನು ಬೇರೆಯೇ ಇಡಿ. ಮೇಲಿನ ಐದು ನಿಷಿದ್ಧ ವಸ್ತುಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದು ಹಚ್ಚಿ, ಭಂಡಾರಿಗೂ ಹುಡುಗರಿಗೂ ಓದಿ ಹೇಳಿ. ನಮ್ಮನ್ನು ನಂಬಿ ಕೊಳ್ಳುವ ಗಿರಾಕಿಯ ಮನೆಯ ನಾಯಿಗೆ ನಮ್ಮ ಕೈಯಿಂದ ಕೇಡಾಗಬಾರದು.