ಒಂದೇ ದಿಕ್ಕಿಗೆ ಹೋಗುವ ಕರೆ

ಎರಡು ಕಚೇರಿಗಳ ಫೋನ್ ವ್ಯವಸ್ಥೆ ಜೋಡಿಸುವ ಕೆಲಸಕ್ಕೆ ಇಳಿದಿದ್ದೀಯ. ಇವತ್ತಲ್ಲ ನಾಳೆ ಈ ದೂರು ನಿನ್ನ ಕಿವಿಗೆ ಬಿದ್ದೇ ಬೀಳುತ್ತದೆ: "ಬೆಂಗಳೂರಿನಿಂದ ಮೈಸೂರಿಗೆ ಕರೆ ಹೋಗುತ್ತೆ ಸಾರ್, ಮೈಸೂರಿನಿಂದ ಇಲ್ಲಿಗೆ ಬರಲ್ಲ." ಹೋಗುವುದು ಸರಿಯಿದ್ದ ಮೇಲೆ ಬರುವುದಕ್ಕೇನು ಧಾಡಿ ಎಂದು ತಲೆ ಕೆರೆದುಕೊಳ್ಳಬೇಡ. ಹೋಗುವ ಕರೆಗೆ ಒಂದು ಕಟ್ಟಳೆ, ಬರುವ ಕರೆಗೆ ಇನ್ನೊಂದು. ಕಳಿಸುವ ಪಿಬಿಎಕ್ಸ್ ಒತ್ತಿದ ಅಂಕಿಗಳನ್ನು ತಿದ್ದಿ, ಟ್ರಂಕ್ ಆರಿಸುತ್ತದೆ. ಪಡೆಯುವ ಪಿಬಿಎಕ್ಸ್ ಬಂದವರು ಯಾರು, ಕೇಳಿದ ಸಂಖ್ಯೆ ತನ್ನಲ್ಲಿದೆಯೇ ಎಂದು ವಿಚಾರಿಸುತ್ತದೆ. ದಿಕ್ಕು ತಿರುಗಿದರೆ ಪಾತ್ರಗಳೂ ಅದಲುಬದಲು. ಹಾಗಾಗಿ ಕೆಟ್ಟ ದಿಕ್ಕನ್ನು ಹೊಸದೇ ಕರೆ ಎಂದುಕೊಂಡು ಮೊದಲಿನಿಂದ ನೋಡು.

ಮೊದಲು ದೂರನ್ನೇ ನೆಟ್ಟಗೆ ಕೇಳಿಸಿಕೋ. ಗಂಟೆ ಬಾರಿಸಿ, ಎತ್ತಿದ ಮೇಲೆ ಒಬ್ಬರ ದನಿ ಕೇಳದಿದ್ದರೆ ಅದು ಬೇರೆ ಕಾಯಿಲೆ. ದನಿ ಹೊರುವ ಆರ್‌ಟಿಪಿ ಪ್ಯಾಕೆಟ್‌ಗಳು ಫೈರ್‌ವಾಲ್‌ನಲ್ಲಿ ಸಿಕ್ಕಿರುತ್ತವೆ, ಇಲ್ಲವೇ 192.168 ಎಂದು ಶುರುವಾಗುವ ಒಳವಿಳಾಸ ನಂಬಿ ದಾರಿ ತಪ್ಪಿರುತ್ತವೆ. ಗಂಟೆಯೇ ಬಾರಿಸದಿದ್ದರೆ ನಾನು ಹೇಳುವುದು ಕೇಳು.

ಆತುರಗಾರನಿಗೆ ಬುದ್ಧಿ ಮಟ್ಟ. ಸೆಟ್ಟಿಂಗ್ ಮುಟ್ಟುವ ಮುಂಚೆ ಎರಡೂ ತುದಿಯಲ್ಲಿ ಸಂದೇಶಗಳ ಓಡಾಟ ತೋರಿಸುವ ಎಸ್‌ಎನ್‌ಗ್ರೆಪ್ಪೋ ವೈರ್‌ಶಾರ್ಕೋ ತೆರೆದಿಟ್ಟು ಮೈಸೂರಿನಿಂದ ಒಂದು ಕರೆ ಮಾಡಿಸು. ಕರೆ ಕೋರುವ ಇನ್ವೈಟ್ ಸಂದೇಶ ಹೊರಟಿತೇ? ಮುಟ್ಟಿತೇ? ಹೊರಟೇ ಇಲ್ಲವೆಂದರೆ ಮೈಸೂರಿನ ಔಟ್‌ಬೌಂಡ್ ರೂಟ್ ನೋಡು. ಹೊರಟು ಮುಟ್ಟದಿದ್ದರೆ ಅದೇ ಇನ್ವೈಟ್ ಅರ್ಧ ಸೆಕೆಂಡು, ಒಂದು, ಎರಡು, ನಾಲ್ಕು ಎಂದು ಅಂತರ ಹಿಗ್ಗಿಸಿಕೊಂಡು ಮತ್ತೆ ಮತ್ತೆ ಹೋಗುತ್ತದೆ. ಯುಡಿಪಿಯಲ್ಲಿ ಸಾಮಾನ್ಯವಾಗಿ 32 ಸೆಕೆಂಡಿಗೆ ಕೈಚೆಲ್ಲುತ್ತದೆ. ಆಗ ವಿಳಾಸ, ರೂಟಿಂಗ್, ಫೈರ್‌ವಾಲ್, 5060 ಪೋರ್ಟ್ ತಪಾಸಿಸು.

ಮುಟ್ಟಿ, "ಬೇಡ" ಎಂಬ ಉತ್ತರ ಬಂದಿದ್ದರೆ ನೀನು ಅದೃಷ್ಟವಂತ. ಉತ್ತರದ ಅಂಕಿಯೇ ಕಾರಣದ ಸುಳಿವು. 401 ಕಂಡೊಡನೆ ಬೆಚ್ಚಬೇಡ, ಅದು ಪಾಸ್‌ವರ್ಡ್ ಕೇಳುವ ಪದ್ಧತಿ. ಕರೆ ಅಲ್ಲೇ ನಿಂತರೆ ಅಥವಾ 403 ಬಂದರೆ ಮೈಸೂರಿನ ಗುರುತು ಬೆಂಗಳೂರಿಗೆ ಹತ್ತಿಲ್ಲ ಎಂದು ಶಂಕಿಸು. 488 ಆದರೆ ಕೋಡೆಕ್ ಜಗಳ: ಒಬ್ಬರು ಜಿ.711 ಮಾತ್ರ ಬಲ್ಲವರು, ಇನ್ನೊಬ್ಬರು ಜಿ.729 ಮಾತ್ರ.

404 ಹೆಚ್ಚಾಗಿ ಸಿಗುವ ಆಸಾಮಿ. ಗುರುತು ಸಿಕ್ಕಿದೆ, ಸಂಖ್ಯೆ ಸಿಕ್ಕಿಲ್ಲ. ಮೈಸೂರಿನವರು 8 ಒತ್ತಿ 201 ಒತ್ತುತ್ತಾರೆ ಎನ್ನು. ಆ 8ನ್ನು ಹೊರಡುವಾಗ ಕತ್ತರಿಸದಿದ್ದರೆ ಬೆಂಗಳೂರು 8201 ಎಂಬ ಇಲ್ಲದ ಎಕ್ಸ್‌ಟೆನ್ಷನ್ ಹುಡುಕುತ್ತದೆ. ಅಂಕಿ ಸರಿಯಿದ್ದೂ 404 ಬಂದರೆ, ಬೆಂಗಳೂರಿನ ಪಿಬಿಎಕ್ಸ್ ನಡೆಸುವ ಆಸ್ಟರಿಸ್ಕ್‌ನಲ್ಲಿ ಆ ಟ್ರಂಕ್‌ನ ಕರೆ ಯಾವ ಕಾಂಟೆಕ್ಸ್ಟ್‌ಗೆ ಇಳಿಯುತ್ತಿದೆ ನೋಡು. ಆ ಕಾಂಟೆಕ್ಸ್ಟ್‌ಗೆ 201 ಗೊತ್ತಿಲ್ಲದಿದ್ದರೆ, ಫೋನ್ ಮೇಜಿನ ಮೇಲಿದ್ದೂ ಇಲ್ಲದಂತೆ.

ಇಲ್ಲಿ ಬೇಸತ್ತು, ಗುರುತಿಲ್ಲದ ಕರೆಗಳನ್ನೂ ಒಳಬಿಡುವ ಆಯ್ಕೆ ಒತ್ತಿ ಎಲ್ಲ ಬಾಗಿಲು ತೆರೆಯುವ ಚಪಲ ಬರುತ್ತದೆ. ಬೇಡ. ಇಂಟರ್‌ನೆಟ್ಟಿಗೆ ತೆರೆದ 5060 ಪೋರ್ಟನ್ನು ತಡಕಾಡುವವರು ಹಗಲೂ ಇರುಳೂ ಇದ್ದಾರೆ. ಹೊರಗೆ ಡಯಲ್ ಮಾಡುವ ಹಕ್ಕು ಅವರ ಕೈಗೆ ಸಿಕ್ಕರೆ ವಿದೇಶದ ಕರೆಗಳ ಬಿಲ್ಲು ನಿನ್ನ ಗ್ರಾಹಕನ ತಲೆಗೆ. ಮೈಸೂರಿನ ವಿಳಾಸವೊಂದಕ್ಕೇ ಬಾಗಿಲು ತೆರೆ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆದಿಡು. ಎರಡು ಕಡೆ ಒಟ್ಟಿಗೆ ಕೈಯಾಡಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯದು.

ಕರೆ ಬಂತೆಂದು ಕೂಡಲೇ ಬ್ಯಾಗ್ ಕಟ್ಟಬೇಡ. ಬೆಂಗಳೂರಿನ ಪಿಬಿಎಕ್ಸ್ ನ್ಯಾಟ್ ರೂಟರ್‌ನ ಹಿಂದಿದ್ದರೆ, ಅದು ಹೊರಗೆ ಮಾತಾಡಿದ ಸ್ವಲ್ಪ ಹೊತ್ತು ಮಾತ್ರ ಒಳಬರುವ ದಾರಿ ತೆರೆದಿರಬಹುದು. ಆಮೇಲೆ ರೂಟರ್ ಅದನ್ನು ಮರೆತುಬಿಡುತ್ತದೆ. ಅದಕ್ಕೆ ಪೋರ್ಟ್ ಫಾರ್ವರ್ಡ್ ಮಾಡು, ಇಲ್ಲವೇ ಆಗಾಗ ಆಪ್ಷನ್ಸ್ ಸಂದೇಶ ಕಳಿಸಿ ದಾರಿ ಮುಚ್ಚದಂತೆ ನೋಡಿಕೋ. ಅರ್ಧ ಗಂಟೆ ಯಾರೂ ಕರೆ ಮಾಡದಂತೆ ನೋಡಿ, ಮೊದಲ ಕರೆಯನ್ನು ಮೈಸೂರಿನಿಂದಲೇ ಮಾಡಿಸು. ಅದು ಬಂದರೆ ಕೆಲಸ ಮುಗಿಯಿತು ಎಂದು ಸಹಿ ಹಾಕಿಸಿಕೋ.