ಕ್ಲೌನ್‌ಫಿಶ್: ಮರಿಗಿಂತ ಮೊದಲು ಮರಿಯ ಊಟ

ನಮ್ಮ ಸಂಕೇಶ್ವರದ ಹಿರಣ್ಯಕೇಶಿ ನದಿ ಹುಟ್ಟೋದು ಅಂಬೋಲಿ ಘಟ್ಟದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಇಳಿದರೆ ಕೊಂಕಣದ ಸಮುದ್ರ. ಆದರೆ ನದಿ ಪೂರ್ವಕ್ಕೆ, ನಮ್ಮ ಕಡೆ ಹರಿಯುತ್ತದೆ. ಹಾಗಾಗಿ ಇಲ್ಲಿ ಸಮುದ್ರದ ಮೀನು ಸಾಕಬೇಕು ಅಂದ್ರೆ ಸಮುದ್ರದ ನೀರನ್ನೂ ಮನೆಯಲ್ಲೇ ತಯಾರಿಸಬೇಕು.

ನಮ್ಮ ಮನೆಯಲ್ಲಿ ಒಂದು ಜೋಡಿ ಕ್ಲೌನ್‌ಫಿಶ್ ಇದೆ. ಮೊದಲ ಸಲ ಮೊಟ್ಟೆಯೊಡೆದು ಮರಿ ಬಂದಾಗ ಮನೆಮಂದಿಯೆಲ್ಲ ಟಾರ್ಚ್ ಹಿಡಿದು ನೋಡಿದ್ವಿ. ಮೂರು ದಿನದಲ್ಲಿ ಒಂದೂ ಉಳಿಯಲಿಲ್ಲ. ನೀರು ಸರಿ ಇತ್ತು, ಊಟ ರೆಡಿ ಇರಲಿಲ್ಲ. ಆ ತಪ್ಪು ನೀವು ಮಾಡಬಾರದು ಅಂತ ಈ ಪಾಠ.

1. ನೀರು

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಂದ್ರೆ 100 ಲೀಟರ್ ಟ್ಯಾಂಕಿಗೆ ಸುಮಾರು 3.5 ಕೆಜಿ. ಅಡುಗೆ ಉಪ್ಪು ನಡೆಯಲ್ಲ, ಅಕ್ವೇರಿಯಂಗೆ ಅಂತಲೇ ಸಿಗುವ ಸಮುದ್ರ ಉಪ್ಪು ಬೇಕು. ಬೋರ್‌ವೆಲ್ ನೀರಿಗಿಂತ ಆರ್‌ಓ ನೀರು ಒಳ್ಳೇದು. ಬೇಸಿಗೆಯಲ್ಲಿ 5 ಲೀಟರ್ ಆವಿಯಾದರೆ ನೀರು ಮಾತ್ರ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಆಗ ಲೀಟರಿಗೆ ಸುಮಾರು 36.8 ಗ್ರಾಂ ಆಯ್ತು. ಅದಕ್ಕೆ ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು.

ನೀರು ತುಂಬಿಸಿದ ದಿನವೇ ಮೀನು ಬಿಡಬೇಡಿ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅವು ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

2. ಜೋಡಿ

ಗಂಡು-ಹೆಣ್ಣು ಹುಡುಕುವ ತಲೆನೋವು ಇಲ್ಲ. ಕ್ಲೌನ್‌ಫಿಶ್‌ಗಳು ಮೊದಲು ಗಂಡಾಗಿ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಅದರ ಗಂಡು ಹೆಣ್ಣಾಗುತ್ತದೆ. 2003ರ ‘ಫೈಂಡಿಂಗ್ ನೀಮೋ’ ಸಿನಿಮಾದಲ್ಲಿ ನಿಜವಾದ ಜೀವಶಾಸ್ತ್ರ ನಡೆದಿದ್ದರೆ ನೀಮೋನ ಅಪ್ಪನೇ ಅಮ್ಮ ಆಗಬೇಕಿತ್ತು! ಒಂದೇ ಜಾತಿಯ ಒಂದು ದೊಡ್ಡ, ಒಂದು ಸಣ್ಣ ಮೀನು ಒಟ್ಟಿಗೆ ಬಿಟ್ಟು ತಿಂಗಳುಗಟ್ಟಲೆ ಕಾಯಬೇಕು. ಸಮುದ್ರದಲ್ಲಿ ಇವು ಅನಿಮೋನ್ ನಡುವೆ ಇರುತ್ತವೆ, ಟ್ಯಾಂಕಿನಲ್ಲಿ ಅದು ಕಡ್ಡಾಯ ಅಲ್ಲ. ಒಂದು ಮಣ್ಣಿನ ಕುಂಡ ಮಲಗಿಸಿ ಇಟ್ಟರೆ ಸಾಕು.

3. ಮೊಟ್ಟೆ

ಮೊಟ್ಟೆಗಳು ಕಿತ್ತಳೆ ಬಣ್ಣದಲ್ಲಿ ಕುಂಡಕ್ಕೆ ಅಂಟಿಕೊಂಡಿರುತ್ತವೆ. ಗಂಡು ಮೀನು ರೆಕ್ಕೆಯಿಂದ ಗಾಳಿ ಬೀಸಿದ ಹಾಗೆ ನೀರು ಆಡಿಸುತ್ತ ಕಾಯುತ್ತದೆ. 27 ಡಿಗ್ರಿ ಹತ್ತಿರ ಇದ್ದರೆ 7ರಿಂದ 10 ದಿನದಲ್ಲಿ, ಕತ್ತಲಾದ ಮೇಲೆ ಒಡೆಯುತ್ತವೆ. ಒಳಗೆ ಬೆಳ್ಳಿ ಬಣ್ಣದ ಕಣ್ಣು ಹೊಳೆಯತೊಡಗಿದರೆ ಸಮಯ ಹತ್ತಿರ ಬಂತು ಅಂತ ಅರ್ಥ. ಆವತ್ತು ಸಂಜೆ ಕುಂಡವನ್ನು ಅದೇ ನೀರು ತುಂಬಿದ ಸಣ್ಣ ಟ್ಯಾಂಕಿಗೆ ಹಾಕಿ, ಪಕ್ಕದಲ್ಲಿ ಏರ್ ಪಂಪಿನ ಗುಳ್ಳೆ ಬಿಡಬೇಕು. ಕರೆಂಟ್ ಹೋದ್ರೆ ಅಂತ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ.

4. ಊಟ

ನಾನು ಸೋತಿದ್ದು ಇಲ್ಲೇ. ಈಗಷ್ಟೇ ಬಂದ ಮರಿ 3-4 ಮಿಲಿಮೀಟರ್ ಉದ್ದ ಇರುತ್ತದೆ. ಅಂಗಡಿಯ ಪುಡಿ ಊಟವನ್ನು ಅದು ತಿನ್ನೋದೇ ಇಲ್ಲ, ಕಣ್ಣೆದುರು ಚಲಿಸೋದನ್ನು ಮಾತ್ರ ಹಿಡಿಯುತ್ತದೆ. ಅದರ ಬಾಯಿಗೆ ಹಿಡಿಸೋದು ರೋಟಿಫರ್ ಅನ್ನೋ ಸೂಕ್ಷ್ಮಜೀವಿ. ರೋಟಿಫರ್‌ಗೆ ಊಟ ಹಸಿರು ಪಾಚಿ. ಅಂದ್ರೆ ಮೀನಿಗಿಂತ ಮೊದಲು ರೋಟಿಫರ್, ಅದಕ್ಕಿಂತ ಮೊದಲು ಪಾಚಿ ಬೆಳೆಸಬೇಕು.

ಲೆಕ್ಕ ನೋಡಿ. ಒಂದು ಮಿಲಿಲೀಟರಿಗೆ 10 ರೋಟಿಫರ್ ಬೇಕು ಅಂದುಕೊಳ್ಳಿ. 20 ಲೀಟರ್ ಅಂದ್ರೆ 20,000 ಮಿಲಿಲೀಟರ್, ಒಟ್ಟು 2 ಲಕ್ಷ ರೋಟಿಫರ್! ಮೊಟ್ಟೆ ಕಂಡ ಮೇಲೆ ಶುರು ಮಾಡಿದ್ರೆ ಇಷ್ಟು ಆಗೋದು ಕಷ್ಟ. ಎರಡು ವಾರ ಮೊದಲೇ ಎರಡು ಬಕೆಟ್‌ನಲ್ಲಿ ಬೆಳೆಸಿ, ಒಂದು ಹಾಳಾದ್ರೆ ಇನ್ನೊಂದು ಇರುತ್ತೆ. ಸುಮಾರು ಒಂದು ವಾರ ಆದ ಮೇಲೆ, ಆಗಷ್ಟೇ ಒಡೆದ ಆರ್ಟೀಮಿಯಾ ಮರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಎರಡು ವಾರದೊಳಗೆ ಬಿಳಿ ಪಟ್ಟೆ ಮೂಡತೊಡಗುತ್ತದೆ.

ಇಷ್ಟೆಲ್ಲ ಯಾಕೆ? ಮಾರುಕಟ್ಟೆಗೆ ಬರುವ ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಬಹಳಷ್ಟನ್ನು ಇವತ್ತಿಗೂ ಹವಳದ ದಿಬ್ಬಗಳಿಂದ ಹಿಡಿದು ತರುತ್ತಾರೆ. ಆದರೆ ಕ್ಲೌನ್‌ಫಿಶ್ ಸಾಕಣೆಯಲ್ಲೂ ಮರಿ ಮಾಡುತ್ತದೆ. ನಮ್ಮ ದೇಶದಲ್ಲೂ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದರ ವಿಧಾನ ರೂಪಿಸಿದೆ. ಕೊಳ್ಳುವಾಗ ಸಾಕಣೆಯ ಮೀನೇ ಕೇಳಿ ತಗೊಳ್ಳಿ.

ಎರಡನೇ ಸಲ ನಾನು ಬಕೆಟ್‌ಗಳನ್ನು ಮೊದಲೇ ಇಟ್ಟಿದ್ದೆ. ನೂರಾರು ಮರಿಗಳಲ್ಲಿ ಹನ್ನೊಂದಕ್ಕೆ ಪಟ್ಟೆ ಬಂತು. ಕಡಿಮೆಯೇ, ಆದ್ರೆ ಸೊನ್ನೆ ಅಲ್ಲ. ಮುಂದಿನ ಸಲಕ್ಕೆ ಮೂರನೇ ಬಕೆಟ್ ಹಸಿರಾಗ್ತಾ ಇದೆ.