ಬಿಆರ್‌ಟಿಎಸ್ ಮತ್ತು ಮಹಾನಗರ ಪಾಲಿಕೆಯ ಹಣ

ಬಸ್‌ಗಳಿಗೆಂದೇ ಮೀಸಲಾದ ಪಥ, ರಸ್ತೆ ಮಧ್ಯದ ನಿಲ್ದಾಣ, ಹತ್ತುವ ಮುನ್ನವೇ ಟಿಕೆಟ್: ಇದು ಬಿಆರ್‌ಟಿಎಸ್. 1974ರಲ್ಲಿ ಬ್ರೆಜಿಲ್‌ನ ಕುರಿಟಿಬಾ ನಗರ ಇದಕ್ಕೆ ದಾರಿ ತೋರಿತು. ಆಗ ಅಲ್ಲಿನ ಮೇಯರ್ ಜೈಮಿ ಲರ್ನರ್.

ಪಾಲಿಕೆ ಸಭೆಗಳಲ್ಲಿ ಜಗಳವೇಳುವುದು ಹಣದ ಮೇಲೆ. 2005ರ ಜೆ-ನರ್ಮ್ ಎಂಬ ನಗರ ನವೀಕರಣ ಯೋಜನೆಯಡಿ ಜನಸಂಖ್ಯೆ 40 ಲಕ್ಷ ಮೀರಿದ ನಗರಗಳಿಗೆ ಕೇಂದ್ರ ಶೇ 35, ರಾಜ್ಯ ಶೇ 15 ಕೊಡುತ್ತಿದ್ದವು. ಉಳಿದ ಶೇ 50 ಸ್ಥಳೀಯ ಸಂಸ್ಥೆಯ ಹೊರೆ. ಅಹಮದಾಬಾದಿನ ಬಿಆರ್‌ಟಿಎಸ್ ‘ಜನಮಾರ್ಗ’ (2009) ಇದೇ ಯೋಜನೆಯ ನೆರವು ಪಡೆಯಿತು. ಕಟ್ಟಲು ನೆರವು ಸಿಗುತ್ತದೆ, ವರ್ಷವರ್ಷದ ಓಡಾಟದ ನಷ್ಟ ತುಂಬುವವರಾರು? ನಿಜವಾದ ಪ್ರಶ್ನೆ ಇದು. ಇದನ್ನು ಮೊದಲೇ ಇತ್ಯರ್ಥ ಮಾಡದೆ ಪಥ ಕಟ್ಟುವುದು ತಪ್ಪು.

ಸಂವಿಧಾನದ 74ನೇ ತಿದ್ದುಪಡಿ ತಂದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಅದರಲ್ಲಿ ರಸ್ತೆ, ಸೇತುವೆ, ಬಸ್ ನಿಲ್ದಾಣಗಳಿವೆ. ಬಸ್ ಸಾರಿಗೆ ಮಾತ್ರ ಪ್ರತ್ಯೇಕ ವಿಷಯವಾಗಿ ಇಲ್ಲ. ಪಾಲಿಕೆಯ ಕೈ ಕಟ್ಟಿರುವುದು ಇಲ್ಲಿಯೇ.

ನಮ್ಮ ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ವಿಶ್ವಬ್ಯಾಂಕ್ ನೆರವಿನ ಯೋಜನೆ, ಸುಮಾರು 22 ಕಿ.ಮೀ. ಇಲ್ಲಿ ಓಡುವ ಬಸ್‌ನ ಹೆಸರು ‘ಚಿಗರಿ’. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಮಂಡಿನೋವಿನ ಅಜ್ಜಿಯೂ ಮೆಟ್ಟಿಲಿನ ಕಾಟವಿಲ್ಲದೆ ಒಳಹೋಗಬಹುದು. 2018ರಲ್ಲಿ ಪ್ರಾಯೋಗಿಕ ಸಂಚಾರ ಆರಂಭವಾಯಿತು. 2020ರ ಫೆಬ್ರವರಿಯಲ್ಲಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ನಡೆಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ.